ಹುಣ್ಣಿಮೆಗೆ ಅಡ್ಡ ಹಿಡಿದ ಗಾಜು

ಚಂದ್ರನನ್ನು ಕಂಡರೆ ಆಗದವರು ಈ ಲೋಕದಲ್ಲಿ ಕಳ್ಳರು ಮಾತ್ರ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಕಾಲಕ್ಕೆ ಆಕಾಶದ ಫೋಟೋ ತೆಗೆಯುವ ಚಟ ನಮ್ಮ ಕಡೆ ಬಂದಿರಲಿಲ್ಲ. ಬಂದಿದ್ದರೆ ಕಳ್ಳರ ಪಕ್ಕದಲ್ಲಿ ಸ್ವಂತ ಮೊಮ್ಮಗನನ್ನೂ ಕೂರಿಸಬೇಕಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಚಂದ್ರನಿಗೂ ವೈಯಕ್ತಿಕ ಜಗಳವೇನಿಲ್ಲ. ಅವನು ಉಪಗ್ರಹ, ನಾನು ಗುಮಾಸ್ತ. ಇಬ್ಬರೂ ಇನ್ನೊಬ್ಬರ ಸುತ್ತ ತಿರುಗಿ ಹೊಟ್ಟೆ ಹೊರೆಯುವವರು. ಆದರೆ ನನ್ನ ಕೆಲಸಕ್ಕೆ ಅವನು ಅಡ್ಡ ಬರುತ್ತಾನೆ. ಅದೂ ತಿಂಗಳಿನ ಅರ್ಧದಷ್ಟು ದಿನ, ಹೇಳದೆ ಕೇಳದೆ, ಹಲ್ಲು ಕಿರಿದುಕೊಂಡು.

ಸೋಲಾಪುರದ ಒಂದು ವಿದ್ಯುತ್ ಕಚೇರಿಯಲ್ಲಿ ನನ್ನ ನೌಕರಿ. ಹಗಲೆಲ್ಲ ಊರಿಗೆ ಬೆಳಕು ಹಂಚಿದ ಲೆಕ್ಕ ಬರೆಯುತ್ತೇನೆ. ಸಂಜೆಯಾದರೆ ಆ ಬೆಳಕು ಒಂದಿಷ್ಟು ಹೊತ್ತು ಹೋಗಬಾರದೇ ಎಂದು ದೇವರಿಗೆ ಹರಕೆ ಹೊರುತ್ತೇನೆ. ನಮ್ಮ ಓಣಿಯಲ್ಲಿ ಕರೆಂಟು ಹೋದಾಗ ನೆರೆಯವರು ಮೊದಲು ಫೋನು ಮಾಡುವುದು ನನಗೇ. "ನೋಡ್ತೀನ್ರಿ, ಈಗ ಆಫೀಸಿಗೆ ಹೇಳ್ತೀನಿ" ಎನ್ನುತ್ತಲೇ ನಾನು ಮಾಳಿಗೆಯ ಮೆಟ್ಟಿಲು ಹತ್ತುತ್ತಿರುತ್ತೇನೆ. ಆ ಏದುಸಿರು ಕೇಳಿ, ಪಾಪ, ನಮಗಾಗಿ ಎಷ್ಟು ಓಡಾಡುತ್ತಾನೆ ಎಂದು ಅವರು ಅಂದುಕೊಳ್ಳುತ್ತಾರೆ. ನಾನು ದುರ್ಬೀನಿನ ಮುಚ್ಚಳ ತೆಗೆಯಲು ಓಡುತ್ತಿದ್ದೇನೆಂದು ಯಾರಿಗೂ ಈವರೆಗೆ ಗೊತ್ತಾಗಿಲ್ಲ.

ನಾನು ತೆಗೆಯುವುದು ನೀಹಾರಿಕೆಗಳ ಫೋಟೋ. ನಕ್ಷತ್ರಗಳ ನಡುವೆ ತೇಲುವ ಹೈಡ್ರೋಜನ್ ಮೋಡಗಳು ಅವು. ಬರಿಗಣ್ಣಿಗೆ ಕಾಣುವುದಿಲ್ಲ, ದುರ್ಬೀನಿಗೆ ಕಣ್ಣಿಟ್ಟರೂ ಅಷ್ಟಕ್ಕಷ್ಟೇ. ಕ್ಯಾಮೆರಾವನ್ನೇ ದುರ್ಬೀನಿಗೆ ಜೋಡಿಸಿ, ಒಂದೊಂದು ಫೋಟೋಗೆ ನಿಮಿಷಗಟ್ಟಲೆ ಅದರ ಕಣ್ಣು ತೆರೆದಿಟ್ಟು, ಅಂಥವನ್ನು ರಾಶಿಗಟ್ಟಲೆ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ, ಆಗ ನಾಚುತ್ತ ನಾಚುತ್ತ ಒಂದು ಕೆಂಪು ಮೋಡ ಹೊರಬರುತ್ತದೆ. ಇಷ್ಟು ನಾಜೂಕಿನ ಕೆಲಸದ ನಡುವೆ ಚಂದ್ರ ಬಂದನೆಂದರೆ ಮುಗಿಯಿತು, ಹದವಾಗಿ ಕುದಿದ ಸಾರಿಗೆ ಒಂದು ಕೊಡ ನೀರು ಸುರಿದ ಹಾಗೆ.

ಹೀಗಾಗಿ ನಮ್ಮ ಮನೆಯಲ್ಲಿ ತಿಂಗಳು ಎರಡು ಪಾಲಾಗಿತ್ತು. ಕೃಷ್ಣಪಕ್ಷ ನನ್ನದು, ಶುಕ್ಲಪಕ್ಷ ನನ್ನ ಹೆಂಡತಿ ಕಸ್ತೂರಿಯದು. ಬೀಗರ ಮನೆಯ ಊಟ, ಹೆಸರಿಡುವ ಕಾರ್ಯಕ್ರಮ, ಸೀರೆಯ ಅಂಗಡಿ, ಸಂಜೆಯ ಸಿದ್ಧೇಶ್ವರ ಕೆರೆ, ಎಲ್ಲ ಅವಳ ಪಕ್ಷದಲ್ಲೇ ಆಗಬೇಕು. ಯಾರಾದರೂ ಅಮಾವಾಸ್ಯೆಯ ಆಸುಪಾಸಿಗೆ ಕರೆದರೆ "ಅಷ್ಟಮಿ ಆಗ್ಲಿ ತಡೀರಿ, ಬರ್ತೀವಿ" ಎನ್ನುತ್ತಿದ್ದಳು. ಅವಳ ತವರಿನವರು ಬಹಳ ದಿನ ಇದನ್ನು ಯಾವುದೋ ಕಠಿಣ ವ್ರತವೆಂದೇ ನಂಬಿದ್ದರು. ನನ್ನ ಬಗ್ಗೆ ನೆಂಟರಲ್ಲಿ ಎರಡು ಅಭಿಪ್ರಾಯಗಳಿದ್ದವು. ಬೆಳ್ಳಗಿನ ದಿನಗಳಲ್ಲಿ ಕಂಡವರು, ಎಷ್ಟು ಬೆರೆಯುವ ಮನುಷ್ಯ ಎನ್ನುತ್ತಿದ್ದರು. ಕರಿ ದಿನಗಳಲ್ಲಿ ಕಂಡವರು, ಎಷ್ಟು ಸೊಕ್ಕು ನೋಡು ಎನ್ನುತ್ತಿದ್ದರು. ಇಬ್ಬರದೂ ನಿಜ.

ಇಂಥ ಸುಖಸಂಸಾರದೊಳಗೆ ಬಂತು ನೋಡಿ, ಆ ಗಾಜು. ನನ್ನಂಥ ಚಟದವರ ಒಂದು ಮೊಬೈಲ್ ಗುಂಪಿದೆ. ಅದರಲ್ಲಿ ಪುಣೆಯ ಒಬ್ಬರು ಹುಣ್ಣಿಮೆಯ ದಿನವೇ ತೆಗೆದ ನೀಹಾರಿಕೆಯ ಫೋಟೋ ಹಾಕಿ, "ನ್ಯಾರೋಬ್ಯಾಂಡ್ ಫಿಲ್ಟರ್" ಎಂದು ಕೆಳಗೆ ಬರೆದಿದ್ದರು. ಅದು ಬಳೆಯಷ್ಟೂ ಇಲ್ಲದ, ಅಂಚಿಗೆ ತಗಡು ಸುತ್ತಿದ ಒಂದು ಗಾಜು. ಕ್ಯಾಮೆರಾದ ಮುಂದೆ ಕೂತು ಮದುವೆ ಮನೆಯ ಬಾಗಿಲು ಕಾಯುವವನ ಕೆಲಸ ಮಾಡುತ್ತದೆ. ಹೈಡ್ರೋಜನ್ ಮೋಡ ಹೊಮ್ಮಿಸುವುದು ಒಂದೇ ಒಂದು ಜಾತಿಯ ಕೆಂಪು. ಬಾಗಿಲಿನವನು ಆ ಕೆಂಪನ್ನಷ್ಟೇ ಒಳಗೆ ಬಿಡುತ್ತಾನೆ. ಚಂದ್ರನ ಬೆಳಕೆಂದರೆ ಎಲ್ಲ ಬಣ್ಣ ಕಲಸಿದ ಜಾತ್ರೆ. ಅದರಲ್ಲಿ ಆ ಕೆಂಪಿನ ಪಾಲು ಚಿಟಿಕೆಯಷ್ಟು. ಉಳಿದ ಗುಂಪೆಲ್ಲ ಬಾಗಿಲಲ್ಲೇ ನಿಲ್ಲಬೇಕು. ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ತರಿಸಿದೆ. ಬೆಲೆ ಮಾತ್ರ ಕೇಳಬೇಡಿ, ಕಸ್ತೂರಿಯೂ ಕೇಳಿಲ್ಲ.

ಪೊಟ್ಟಣ ಬಿಚ್ಚಿದ ದಿನ ಉತ್ಸಾಹದಲ್ಲಿ ಅವಳಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತ ಪೂರ್ತಿ ಕೇಳಿದಳು. ಆಮೇಲೆ ಕೈ ನಿಲ್ಲಿಸಿ, "ಅಂದ್ರ ಇನ್ನ ಮ್ಯಾಲೆ ಹುಣ್ಣಿಮಿಗೂ ನೀವು ಮಾಳಗಿ ಮ್ಯಾಲೇನು?" ಎಂದಳು. ವಿಜ್ಞಾನದ ಸಾರವನ್ನು ಇಷ್ಟು ಬೇಗ ಗ್ರಹಿಸಿದವರನ್ನು ನಾನು ನೋಡಿರಲಿಲ್ಲ. "ದಿನಾ ಅಲ್ಲ..." ಎಂದು ತಡವರಿಸಿದೆ. ಅವಳು ಸೊಪ್ಪಿನ ಕಡೆ ತಿರುಗಿ, "ಆ ಚಂದಪ್ಪ ಒಬ್ಬಾಂವ ಇದ್ದ ನನ್ನ ಕಡೆ ಮಾತಾಡಾಂವ. ಅವನ ಬಾಯಿನೂ ಮುಚ್ಚಿಸಿದ್ರಿ" ಎಂದಳು. ನಾನು ಗಾಜನ್ನು ಮತ್ತೆ ಪೊಟ್ಟಣದೊಳಗಿಟ್ಟೆ.

ಮುಂದಿನ ಹುಣ್ಣಿಮೆಯೇ ಶೀಗಿ ಹುಣ್ಣಿಮೆ. ಮರಾಠಿಯವರಿಗೆ ಅದು ಕೋಜಾಗಿರಿ. ನಮ್ಮ ಕಡೆಯವರು ಎರಡನ್ನೂ ಮಾಡುತ್ತಾರೆ. ಮಧ್ಯಾಹ್ನ ಹೊಲದಲ್ಲಿ ಭೂಮಿಪೂಜೆ ಮಾಡಿ, ಹೊಲದ ತುಂಬ ಎಡೆ ಬೀರಿ ಚರಗ ಚೆಲ್ಲಿ ಕನ್ನಡದವರಾಗುತ್ತಾರೆ, ಸಂಜೆ ಮಾಳಿಗೆಯ ಮೇಲೆ ಬೆಳದಿಂಗಳಲ್ಲಿ ಕೇಸರಿ ಹಾಲು ಕುಡಿದು ಮರಾಠಿಯವರಾಗುತ್ತಾರೆ. ಅಕ್ಕಲಕೋಟ ತಾಲೂಕಿನ ಹನ್ನೂರಿನಿಂದ, ಕಸ್ತೂರಿಯ ತವರಿನಿಂದ, ಕರೆ ಬಂತು. ಅತ್ತೆಯವರಿಗೆ ಎರಡು ಕಣ್ಣಿಗೂ ಮೋತಿಬಿಂದು ಬೆಳೆದು, ಈಚೆಗಷ್ಟೇ ಸೋಲಾಪುರದಲ್ಲಿ ಆಪರೇಷನ್ ಆಗಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಅವರಿಗೆ ಚಂದ್ರನೆಂದರೆ ಹಿಟ್ಟು ಚೆಲ್ಲಿದ ಹಾಗೆ ಒಂದು ಮಸುಕು. "ಈ ಸಲ ಚಂದಪ್ಪನ್ನ ಬರೋಬ್ಬರಿ ನೋಡ್ತೀನಿ, ಎಲ್ಲಾರೂ ಬರ್ರಿ" ಎಂದು ಫೋನಿನಲ್ಲಿ ಹೇಳಿದ್ದರು. ನಾನು ಒಪ್ಪಿದೆ. ಆದರೆ ಹನ್ನೂರಿನ ಆಕಾಶ ಸೋಲಾಪುರಕ್ಕಿಂತ ಕತ್ತಲೆ, ಕೈಯಲ್ಲಿ ಹೊಸ ಗಾಜು. ಮನಸ್ಸು ಕೇಳಬೇಕಲ್ಲ. "ದುರ್ಬೀನು ಸೈತ ಬರ್ತೈತಿ" ಎಂದೆ. ಕಸ್ತೂರಿ ಕಾರಿನ ಹಿಂದಿನ ಸೀಟಿನಲ್ಲಿ ತುಂಬಿದ ಸ್ಟ್ಯಾಂಡು, ತೂಕದ ಗುಂಡುಗಳು, ಬ್ಯಾಟರಿ, ಪೆಟ್ಟಿಗೆಗಳನ್ನು ನೋಡಿ, ತನ್ನ ಒಂದೇ ಒಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. "ತವರಮನಿಗಿ ಹೊಂಟಾಕಿ ನಾನೋ, ಅದೋ?" ಎಂದು ಕೇಳಿದಳು. ಅಕ್ಕಲಕೋಟದಲ್ಲಿ ಸ್ವಾಮಿಗಳ ದರ್ಶನ ಮಾಡುವಾಗ ಅವಳು ಏನು ಬೇಡಿಕೊಂಡಳೋ ಗೊತ್ತಿಲ್ಲ. ನಾನು ಮೋಡ ಬಾರದಿರಲಿ ಎಂದು ಬೇಡಿಕೊಂಡೆ.

ಹೊಲದ ಪೂಜೆ, ಸಜ್ಜಿ ರೊಟ್ಟಿ, ಪುಂಡಿಪಲ್ಯ ಎಲ್ಲ ಮುಗಿಸಿ ಇಳಿಹೊತ್ತಿಗೆ ಮಾವನವರ ಮನೆಯ ಮಾಳಿಗೆಯ ಮೇಲೆ ನನ್ನ ಸಂಸಾರ ಹೂಡಿದೆ. ಮೂಡಣದಲ್ಲಿ ಚಂದ್ರ ತಟ್ಟೆಯಷ್ಟಾಗಿ ಎದ್ದ. ನಾನು ಅವನಿಗೆ ಬೆನ್ನು ತಿರುಗಿಸಿ, ನೆತ್ತಿಯಿಂದ ತುಸು ಬಡಗಣಕ್ಕೆ ಹಂಸ ನಕ್ಷತ್ರಪುಂಜದ ಕಡೆ ದುರ್ಬೀನು ಹೊರಳಿಸಿದೆ. ಅಲ್ಲೊಂದು ನೀಹಾರಿಕೆಯಿದೆ, ಆಕಾರ ಉತ್ತರ ಅಮೆರಿಕದ ನಕಾಶೆಯಂತಿರುವುದರಿಂದ ಅದಕ್ಕೆ ಅದೇ ಹೆಸರು. ಮಾವನವರು, ಧೂಳಪ್ಪನವರು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಬಂದು ನಿಂತರು. ದುರ್ಬೀನನ್ನು ನೋಡಿದರು, ಚಂದ್ರನನ್ನು ನೋಡಿದರು. ಎರಡೂ ಬೇರೆ ಬೇರೆ ಕಡೆ ಮುಖ ಮಾಡಿರುವುದನ್ನು ನೋಡಿದರು. ಆ ಕಡೆ ಅಳಿಯನನ್ನು ಕರೆಯುವುದು ಜಾವಯಿಬಾಪು ಎಂದೇ.

"ಜಾವಯಿಬಾಪು, ಚಂದಪ್ಪ ಇತ್ತಾಗ ಅದಾನಲ್ರಿ?"

"ಹೌದ್ರಿ ಮಾವಾರ. ನಾ ಅವನ ಫೋಟೋ ತಗ್ಯಾಕತ್ತಿಲ್ಲ."

"ಮತ್ತ ಯಾರ್ದು?"

"ಅಲ್ಲಿ ಮ್ಯಾಲೆ ಒಂದು ಮೋಡ ಐತ್ರಿ. ಅಮೇರಿಕಾ ಅಂತ ಅದರ ಹೆಸರು."

ಅವರು ಬಹಳ ಹೊತ್ತು ಕತ್ತೆತ್ತಿ ನೋಡಿದರು. "ಏನೂ ಕಾಣವಲ್ದು."

"ಅದು ಕಣ್ಣಿಗೆ ಕಾಣಂಗಿಲ್ರಿ."

"ಹಾಂ" ಎಂದರು ಮಾವ. ಹಿಂದೆಯೇ ಹತ್ತಿ ಬಂದ ನಾಲ್ಕು ಮಂದಿಗೆ ತಿರುಗಿ, ದೊಡ್ಡವರ ಮನೆಗೆ ಮಗಳನ್ನು ಕೊಟ್ಟವರ ಗಂಭೀರತೆಯಲ್ಲಿ, "ನಮ್ಮ ಜಾವಯಿಬಾಪು ಕಾಣೋದ್ರ ಫೋಟೋ ತಗ್ಯಂಗಿಲ್ಲ" ಎಂದು ಘೋಷಿಸಿದರು. ಅಮೇರಿಕಾದ ಫೋಟೋ ತೆಗೆಯಲು ಹನ್ನೂರಿಗೆ ಯಾಕೆ ಬಂದರು ಎಂಬ ಬಗ್ಗೆ ಗೋಡೆಯ ಬದಿಯಲ್ಲಿ ಸಣ್ಣ ದನಿಯ ಚರ್ಚೆ ನಡೆಯಿತು.

ಫಿಲ್ಟರ್ ಮಾತ್ರ ಹೇಳಿದ್ದಕ್ಕಿಂತ ಹೆಚ್ಚೇ ಕೆಲಸ ಮಾಡಿತು. ಮಾಳಿಗೆಯ ಮೇಲೆ ಸೂಜಿ ಬಿದ್ದರೆ ಹುಡುಕುವಷ್ಟು ಬೆಳದಿಂಗಳು. ಲ್ಯಾಪ್‌ಟಾಪಿನಲ್ಲಿ ಮೊದಲ ಫೋಟೋ ಬಿಚ್ಚಿಕೊಂಡಾಗ ಕತ್ತಲಲ್ಲಿ ಆ ಕೆಂಪು ಮೋಡದ ಅಂಚು ಕಂಡಿತು. ಕೂಡಲೇ ಮುಂದಿನದಕ್ಕೆ ಗುಂಡಿ ಒತ್ತಿದೆ. ಆದರೆ ಕ್ಯಾಮೆರಾ ಕಣ್ಣು ಬಿಟ್ಟಿರುವಷ್ಟು ಹೊತ್ತು ಸುತ್ತ ಯಾರೂ ಅಲುಗಾಡಬಾರದು; ಮಾಳಿಗೆ ಅದುರಿದರೆ ನಕ್ಷತ್ರಗಳು ಅಕ್ಕಿಯ ಬದಲು ಶಾವಿಗೆಯಾಗಿ ಬೀಳುತ್ತವೆ. "ಯಾರೂ ಓಡಾಡಬ್ಯಾಡ್ರಿ, ಮೊಬೈಲ್ ಬ್ಯಾಟರಿ ಹಚ್ಚಬ್ಯಾಡ್ರಿ" ಎಂದು ಕೈಮುಗಿದೆ. ಕೋಜಾಗಿರಿ ಎಂದರೆ ಮಂದಿ ಕುಣಿದು, ಹಾಡಿ, ಕೈ ಕೈ ಹಿಡಿದು ಗರಗರ ತಿರುಗುವ ಫುಗಡಿ ಆಡುವ ದಿನ. ಅವತ್ತು ಹೆಂಗಸರೆಲ್ಲ ಗೋಡೆಗೆ ಒತ್ತಿಕೊಂಡು, ಆಸ್ಪತ್ರೆಯಲ್ಲಿ ಡಾಕ್ಟರಿಗೆ ಕಾಯುವವರಂತೆ ಕುಳಿತರು. ನಡುವೆ ಒಲೆಯ ಮೇಲಿಂದ ಇಳಿಸಿದ ಹಾಲಿನ ದೊಡ್ಡ ಪಾತೇಲಿ. ಅದರಲ್ಲಿ ಚಂದ್ರನ ಬಿಂಬ ಮಾತ್ರ ನನ್ನ ಮಾತು ಕೇಳದೆ ಅಲುಗಾಡುತ್ತಿತ್ತು.

ಅತ್ತೆಯವರು ಮೆಟ್ಟಿಲು ಹತ್ತಿ ಬಂದು, ಕಪ್ಪು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಚಂದ್ರನನ್ನು ನೋಡಿ ಕೈಮುಗಿದರು. ಆಮೇಲೆ ನನ್ನ ಹತ್ತಿರ ಮೆಲ್ಲಗೆ ಬಂದು, "ಜಾವಯಿಬಾಪು, ನಿಮ್ಮ ದುರ್ಬೀನಿನ್ಯಾಗ ಚಂದಪ್ಪ ಹ್ಯಾಂಗ ಕಾಣ್ತಾನು? ಒಮ್ಮಿ ತೋರಸ್ತೀರೇನು?" ಎಂದರು.

"ತೋರಸ್ತೀನ್ರಿ ಅತ್ತಿಯವರ. ಇದೊಂದು ಫೋಟೋ ಆಗ್ಲಿ" ಎಂದೆ. ಆ ಫೋಟೋ ಆಯಿತು. ಅದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಇನ್ನೊಂದು ತೆಗೆಯದಿರುವುದು ಪಾಪವೆನಿಸಿತು. ಅದಾದ ಮೇಲೆ ಮತ್ತೊಂದು. ದುರ್ಬೀನನ್ನು ಚಂದ್ರನ ಕಡೆ ಹೊರಳಿಸಿದರೆ ಕಷ್ಟಪಟ್ಟು ಕೂಡಿಸಿದ ಚೌಕಟ್ಟೆಲ್ಲ ಹಾಳು. ಅತ್ತೆಯವರು ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಯಾರೋ ಹಾಲು ಕೊಡಲು ಹೋದರೆ "ತಡೀರಿ, ದುರ್ಬೀನಿನ್ಯಾಗ ನೋಡಿ ಆಮ್ಯಾಲೆ ಕುಡೀತೀನಿ" ಎಂದು ಹೇಳಿದ್ದು ಕೇಳಿಸಿತು. ಕೇಳಿಸಲಿಲ್ಲ ಎಂದುಕೊಂಡೆ.

ಕಸ್ತೂರಿ ನನ್ನ ಪಕ್ಕದಲ್ಲಿ ಬಂದು ನಿಂತಳು. ದನಿ ಏರಿಸಲಿಲ್ಲ. "ನಮ್ಮವ್ವ ಯಾರಿಗೂ ಏನೂ ಕೇಳಾಕಿ ಅಲ್ಲ. ಇವತ್ತ ಒಮ್ಮಿ ಕೇಳ್ಯಾಳ. ಎರಡನೇ ಸಲ ಕೇಳಂಗಿಲ್ಲ, ನೆನಪಿರ್ಲಿ" ಎಂದಳು. ಅಷ್ಟೇ. ಆ ಮಾತಿಗೆ ನನ್ನ ಹತ್ತಿರ ಯಾವ ಫಿಲ್ಟರೂ ಇರಲಿಲ್ಲ. ತೆರೆದ ಫೋಟೋ ಅರ್ಧಕ್ಕೇ ನಿಲ್ಲಿಸಿ, ಮನಸ್ಸಿನಲ್ಲಿ ಅಮೇರಿಕಾಕ್ಕೆ ನಮಸ್ಕಾರ ಹೇಳಿ, ದುರ್ಬೀನನ್ನು ಮೂಡಣಕ್ಕೆ ತಿರುಗಿಸಿದೆ. "ಬರ್ರಿ ಅತ್ತಿಯವರ" ಎಂದೆ. ಅವರು ಮುಂದೆ, ಪಕ್ಕದ ಮನೆಯ ಶಾಂತಾಕಾಕು ಅವರ ಹಿಂದೆ, ಅವರ ಹಿಂದೆ ಉಳಿದವರು ಬಂದು ಲ್ಯಾಪ್‌ಟಾಪಿಗೆ ಬಗ್ಗಿದರು. ನಾನು ಗುಂಡಿ ಒತ್ತಿದೆ.

ತೆರೆಯ ತುಂಬ ಚಂದ್ರ ಬಂದ. ಕೆಂಪಗೆ. ಕುಂಕುಮ ಕಲಸಿದ ಹಾಗೆ, ಹೊಸದಾಗಿ ಕೊಯ್ದ ಗಾಯದ ಹಾಗೆ ಕೆಂಪಗೆ. ಕೆಂಪನ್ನು ಬಿಟ್ಟು ಬೇರೇನನ್ನೂ ಬಿಡದ ಬಾಗಿಲಿನವನು ಒಳಗೇ ಕೂತಿದ್ದನ್ನು ನಾನು ಗಡಿಬಿಡಿಯಲ್ಲಿ ಮರೆತಿದ್ದೆ.

"ಅಯ್ಯ ಶಿವನ!" ಎಂದರು ಅತ್ತೆಯವರು. "ಗ್ರಹಣ ಹಿಡದೈತಿ!"

ಆಮೇಲೆ ನಡೆದದ್ದಕ್ಕೆ ಕ್ರಮವಿಲ್ಲ. ಶಾಂತಾಕಾಕು ಮೊದಲು ಹಾಲಿನ ಪಾತೇಲಿಗೆ ತಟ್ಟೆ ಮುಚ್ಚಿದರು. ಆಮೇಲೆ ಎರಡು ಜೀವದ ತಮ್ಮ ಸೊಸೆಯ ತಲೆಯ ಮೇಲೆ ಸೆರಗೆಳೆದು, "ಕೆಳಗ ನಡಿ, ನೋಡಬ್ಯಾಡ, ಹೊಟ್ಟಿ ಮುಟ್ಟಬ್ಯಾಡ" ಎಂದು ನಡೆಸಿಕೊಂಡೇ ಹೋದರು. ತುಳಸಿ ಎಲೆ ತರಲು ಒಬ್ಬರು ಓಡಿದರು. ಆಗಲೇ ಒಂದು ಲೋಟ ಕುಡಿದಿದ್ದವರೊಬ್ಬರು, ಕುಡಿದದ್ದಕ್ಕೆ ಏನು ಮಾಡಬೇಕು ಎಂದು ಕೇಳತೊಡಗಿದರು. ಮಾವನವರು ಒಬ್ಬರೇ ತಲೆಯೆತ್ತಿ ಆಕಾಶ ನೋಡಿದರು. "ಏ, ಮ್ಯಾಲೆ ಬೆಳ್ಳಗದಾನಲ್ಲ!" ಎಂದರು. ನನಗೆ ಜೀವ ಬಂತು. ಆದರೆ ಶಾಂತಾಕಾಕು ಮೆಟ್ಟಿಲಿನಿಂದಲೇ ತಿರುಗಿ ಉತ್ತರ ಕೊಟ್ಟರು. "ಅಣ್ಣಾ, ದುರ್ಬೀನಿನ್ಯಾಗ ದೂರಿಂದು ಮೊದಲ ಕಾಣ್ತೈತಿ. ನಮಗ ಇನ್ನ ಮ್ಯಾಲೆ ಕಾಣ್ತೈತಿ!"

ಈ ತರ್ಕವನ್ನು ಅಲ್ಲಿದ್ದ ಯಾರಿಗೂ ಮುರಿಯಲಾಗಲಿಲ್ಲ. ಆ ಮಾತು ಮಾಳಿಗೆಯಿಂದ ಮಾಳಿಗೆಗೆ ಹಾರಿತು. ಲೈಟಿನ ಆಫೀಸಿನ ಸಾಹೇಬರು ಗ್ರಹಣವನ್ನು ಮುಂಚೆಯೇ ಹಿಡಿದಿದ್ದಾರೆ ಎಂದು ಸುದ್ದಿಯಾಯಿತು. ಬೆಳದಿಂಗಳಲ್ಲಿ ನೋಡುನೋಡುತ್ತಿದ್ದಂತೆ ಸುತ್ತಲಿನ ಮಾಳಿಗೆಗಳಲ್ಲಿ ಪಾತ್ರೆಗಳ ಮೇಲೆ ತಟ್ಟೆ ಮುಚ್ಚುವ ಸದ್ದು ಕೇಳಿತು. ಮಾವನವರಿಗೆ ಫೋನು ಬಂತು. ಅವರು ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿದರು. "ಬೀರೋಬಾನ ಗುಡಿ ಪೂಜಾರಿ. ಬಾಗಲ ಹಾಕಬೇಕೇನು ಅಂತ ಕೇಳಾಕತ್ತಾನ. ಏನ ಹೇಳ್ಲಿರಿ?"

"ಗ್ರಹಣ ಇಲ್ರಿ ಮಾವಾರ! ಇದರಾಗ ಒಂದು ಗಾಜ ಐತಿ. ಕೆಂಪ ಒಂದ ಬಿಡ್ತೈತಿ, ಉಳಿದದ್ದು ತಡೀತೈತಿ."

ಅವರು ಪೂಜಾರಿಗೆ ಕಾಯಲು ಹೇಳಿ, ಶಾಂತವಾಗಿ ಕೇಳಿದರು. "ಬೆಳ್ಳಗ ಇದ್ದದ್ದನ್ನ ಕೆಂಪ ತೋರಸೋ ಗಾಜು ಯಾಕ ಹಾಕೀರಿ?"

ಚಂದ್ರನ ಬೆಳಕು ತಡೆಯುವುದಕ್ಕೆ ಎಂದು ಹೇಳಬೇಕಿತ್ತು. ಕೋಜಾಗಿರಿಯ ದಿನ, ಹಾಲಿನ ಪಾತೇಲಿಯ ಮುಂದೆ, ಈಗಷ್ಟೇ ಕಣ್ಣು ಕಾಣತೊಡಗಿದ ಅತ್ತೆಯ ಎದುರಿಗೆ ಆ ಮಾತು ಬಾಯಿಂದ ಹೊರಡಲಿಲ್ಲ. ಅತ್ತೆಯವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನನ್ನ ಕಣ್ಣಿಂದೇ ಏನಾರ ದೋಷ ಐತೇನೋ. ಆಪರೇಷನ್ ಬರೋಬ್ಬರಿ ಆಗಿಲ್ಲೇನೋ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡರು. ಅಷ್ಟು ಗದ್ದಲದಲ್ಲಿ ನನ್ನನ್ನು ಚುಚ್ಚಿದ್ದು ಅದೊಂದೇ ಮಾತು.

ಕ್ಯಾಮೆರಾ ಬಿಚ್ಚಿದೆ. ಒಳಗಿನ ಗಾಜು ಬಿಚ್ಚುವ ಗೋಜಿಗೂ ಹೋಗಲಿಲ್ಲ, ಇಡೀ ಜೋಡಣೆಯನ್ನೇ ಕಿತ್ತು ಟವೆಲಿನ ಮೇಲಿಟ್ಟೆ. ಪೆಟ್ಟಿಗೆಯ ತಳದಲ್ಲಿ ದುರ್ಬೀನಿನ ಜೊತೆಯೇ ಬಂದಿದ್ದ, ಕಣ್ಣಿಟ್ಟು ನೋಡುವ ಮಸೂರವೊಂದಿತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ನಾನು ಈವರೆಗೆ ಹರಿದೇ ಇರಲಿಲ್ಲ. ಹಲ್ಲಿನಿಂದ ಹರಿದೆ. ಮಸೂರ ಕೂರಿಸಿ, ಸರಿಪಡಿಸಿ, ಅತ್ತೆಯವರಿಗೆ ಸ್ಟೂಲು ಹಾಕಿದೆ. ಅವರು ಹೆದರುತ್ತಲೇ ಬಗ್ಗಿ ಕಣ್ಣಿಟ್ಟರು.

ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಮಾವನವರ ಕಿವಿಯ ಹತ್ತಿರದ ಫೋನಿನಲ್ಲಿ ಪೂಜಾರಿಯೂ ಬಿಗಿಹಿಡಿದಿದ್ದ.

"ಬೆಳ್ಳಗದಾನ" ಎಂದರು ಅತ್ತೆಯವರು. ಆಮೇಲೆ ನಗತೊಡಗಿದರು. "ಕಸ್ತೂರಿ, ಬಾ ಇಲ್ಲಿ. ರೊಟ್ಟಿ ನೋಡಿದಂಗ ಐತಿ ನೋಡವ್ವ. ಹಂಚಿನ ಮ್ಯಾಲೆ ತುಸು ಹೊತ್ತ ಹೆಚ್ಚಿಗಿ ಬಿಟ್ಟಾರ, ಅಲ್ಲಲ್ಲಿ ಕರಿ ಕಲಿ ಬಿದ್ದಾವ. ಯಾರೋ ಹೊಸಾ ಸೊಸಿ ಸುಟ್ಟಿರಬೇಕು!" ಪೂರ್ಣಚಂದ್ರನ ಬೆಳಕಿಗೆ ಅವರ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಂಡು ಮತ್ತೆ ಇನ್ನೊಂದು ಕಣ್ಣಿಟ್ಟರು. "ಇದರಾಗೂ ಛಲೋ ಕಾಣ್ತೈತಿ. ಎರಡೂ ಛಲೋ ಆಗ್ಯಾವ" ಎಂದು ಮಗಳ ಕೈ ಹಿಡಿದುಕೊಂಡರು. ಮಾವನವರು ಫೋನೆತ್ತಿ, "ಗುಡಿ ತಗದಿರ್ಲಿ" ಎಂದು ಅಪ್ಪಣೆ ಕೊಟ್ಟರು.

ಪಾತೇಲಿಯ ತಟ್ಟೆ ತೆಗೆದರು. ಆದರೆ ಗ್ರಹಣದ ಸುದ್ದಿಯಷ್ಟು ವೇಗವಾಗಿ ಗ್ರಹಣವಿಲ್ಲದ ಸುದ್ದಿ ಹರಡುವುದಿಲ್ಲ. ತಮ್ಮ ಕಣ್ಣಿನಿಂದ ನೋಡದೆ ಹಾಲು ಮುಟ್ಟೆವೆಂದು ಓಣಿಯವರೆಲ್ಲ ಮೆಟ್ಟಿಲು ಹತ್ತಿದರು. ಶಾಂತಾಕಾಕು ಎರಡು ಸಲ ನೋಡಿ, ಆಮೇಲೆ ಸೊಸೆಯನ್ನು ಕರೆತಂದು ತೋರಿಸಿ, "ಆಗ ಹಿಡದಿತ್ತು, ಈಗ ಬಿಟ್ಟೈತಿ" ಎಂದು ತೀರ್ಪು ಕೊಟ್ಟರು. ಚಂದ್ರ ಸರಿದಂತೆಲ್ಲ ದುರ್ಬೀನು ಹಿಡಿದು ಜನಕ್ಕೆ ತೋರಿಸುತ್ತ ನಿಂತೇ ಇದ್ದೆ. ಈಗ ಯಾರೂ ಓಡಾಡಬೇಡಿ ಎನ್ನುವ ಕಾರಣವಿರಲಿಲ್ಲ. ಹೆಂಗಸರು ಫುಗಡಿ ಶುರುಮಾಡಿದರು, ಮಾಳಿಗೆ ಗಡಗಡ ಎಂದಿತು. ಬಡಗಣದಲ್ಲಿ ಅಮೇರಿಕಾ ತನ್ನ ಪಾಡಿಗೆ ಪಡುವಣಕ್ಕೆ ಇಳಿಯುತ್ತಿತ್ತು. ಎಲ್ಲರೂ ನೋಡಿ ಮುಗಿದ ಮೇಲೆ ಕಸ್ತೂರಿ ಒಂದು ಲೋಟ ಹಾಲು ತಂದು ಕೈಗಿತ್ತು, "ನೀವು ನೋಡಿದ್ರೇನು?" ಎಂದಳು. ಇಲ್ಲವೆಂದೆ. "ನೋಡ್ರಿ ಮತ್ತ" ಎಂದಳು. ಬಗ್ಗಿ ನೋಡಿದೆ. ಅತ್ತೆ ಹೇಳಿದ್ದು ಸರಿ, ರೊಟ್ಟಿಯೇ. ಎಷ್ಟೋ ವರ್ಷದಿಂದ ಆಕಾಶವೆಂದು ನಾನು ನೋಡುತ್ತಿದ್ದದ್ದು ಲ್ಯಾಪ್‌ಟಾಪನ್ನು ಎಂಬುದು ಆಗ ಹೊಳೆಯಿತು. ಕಣ್ಣು ಕುಕ್ಕಿ, ಹಾಲಿನ ಲೋಟ ಎಲ್ಲಿಟ್ಟೆನೆಂದು ಬಹಳ ಹೊತ್ತು ಕಾಣಲಿಲ್ಲ.

ಸೋಲಾಪುರಕ್ಕೆ ಮರಳಿ, ಅವತ್ತು ಸಿಕ್ಕ ನಾಲ್ಕಾರು ಫೋಟೋಗಳನ್ನೇ ಪೇರಿಸಿದೆ. ಹುಣ್ಣಿಮೆಯ ಬೆಳಕಲ್ಲಿ ತೆಗೆದದ್ದೆಂದು ಯಾರೂ ಹೇಳಲಾರರು. ಕಡು ಕೆಂಪಿನ ಅಮೇರಿಕಾ ಅಂದವಾಗಿ ಮೂಡಿತ್ತು. ಗುಂಪಿನವರು ಭಲೇ ಎಂದರು. ಆ ಹುಮ್ಮಸ್ಸಿನಲ್ಲಿ ಹನ್ನೂರಿಗೂ ಕಳಿಸಿದೆ. ಮಾರನೆಯ ದಿನ ಅತ್ತೆಯವರ ಫೋನು.

"ಜಾವಯಿಬಾಪು, ಫೋಟೋ ನೋಡೀನ್ರಿ. ಛಲೋ ಐತಿ. ಆದ್ರ ಇನ್ನೂ ಕೆಂಪೇ ಬರಾಕತ್ತೈತಲ್ರಿ. ಮಷಿನ್ ರಿಪೇರಿಗಿ ಕೊಡ್ಲಿಲ್ಲೇನು?"

ಹೈಡ್ರೋಜನ್ನಿನಿಂದ ಶುರುಮಾಡಬೇಕೆಂದು ಬಾಯಿ ತೆರೆದೆ. ಆಮೇಲೆ ಯಾಕೋ ಮನಸ್ಸಾಗಲಿಲ್ಲ. "ಕೊಟ್ಟೀನ್ರಿ ಅತ್ತಿಯವರ, ರಿಪೇರಿ ಆಗೈತಿ" ಎಂದೆ.

ಕಸ್ತೂರಿ ನನ್ನ ಕೈಯಿಂದ ಫೋನು ಇಸಕೊಂಡಳು. "ಅವ್ವಾ, ಆಗೈತಿ ಅಂತಾರ, ನಂಬಬ್ಯಾಡ. ಕಣ್ಣ ಮುಂದಿಂದು ಈಗೀಗ ತುಸು ಕಾಣಾಕ ಹತ್ತೈತಿ. ಪೂರಾ ನೆಟ್ಟಗಾಗಾಕ ಇನ್ನೂ ಒಂದೆರಡು ಹುಣ್ಣಿಮಿ ಹಿಡೀತೈತಿ" ಎಂದಳು.

ಆ ಕಡೆಯಿಂದ ಅತ್ತೆಯವರು ಬಹಳ ಹೊತ್ತು ನಕ್ಕದ್ದು ಕೇಳಿಸಿತು. ತಾಯಿ ಮಗಳು ಯಾವ ಮಷಿನ್ನಿನ ಮಾತಾಡುತ್ತಿದ್ದಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ.